ಗಣಿಗಣ್ಣು

ನಮ್ಮೂರಿನ ಡೈರಿಗೆ ಹಾಲು ಹಾಕುವವರಿಗೆಲ್ಲ ಒಂದು ವಿಷಯ ಗೊತ್ತು. ಟೆಸ್ಟರ್ ಸುಮಲತ ಒಳಗಿನ ರೂಮಿನಿಂದ ಹೊರಗೆ ಬಂದ ಕೂಡಲೇ ಅವಳ ಜೊತೆ ಜಗಳಕ್ಕೆ ನಿಲ್ಲಬಾರದು, ಸ್ವಲ್ಪ ತಡೆಯಬೇಕು. ಆ ಸುಮಲತ ನಾನೇ. ಯಾರಿಗೆ ಬೈಯುತ್ತಿದ್ದೇನೆ ಅನ್ನುವುದೇ ಆಗ ನನಗೆ ಕಾಣಿಸುವುದಿಲ್ಲ. ಒಮ್ಮೆ ಆದಿನಾರಾಯಣ ಹಾಲಿಗೆ ನೀರು ಬೆರೆಸಿದ್ದಕ್ಕೆ ಅವನ ಪಕ್ಕದಲ್ಲಿ ನಿಂತಿದ್ದ ಪಂಚಾಯ್ತಿ ಮೆಂಬರಿಗೆ ಚೆನ್ನಾಗಿ ಉಗಿದಿದ್ದೆ. ಮೆಂಬರ್ ಹಾಲಿನಲ್ಲೂ ಆವತ್ತು ಲ್ಯಾಕ್ಟೋಮೀಟರಿನ ಡಿಗ್ರಿ ಬಂದಿರಲಿಲ್ಲ, ಹಾಗಾಗಿ ಬೈಗುಳ ದಂಡವಾಗಲಿಲ್ಲ.

ನನ್ನ ಕಣ್ಣೇನೂ ಕುರುಡಲ್ಲ. ಸೂಜಿಗೆ ದಾರ ಪೋಣಿಸುತ್ತೇನೆ. ಬೇತಮಂಗಲದ ಕಡೆಯಿಂದ ಬರುವ ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ಓದಿ ಹೇಳುತ್ತೇನೆ. ಆದರೆ ಕತ್ತಲೆಯಿಂದ ಬಿಸಿಲಿಗೆ ಕಾಲಿಟ್ಟರೆ ಎದುರಿಗೆ ಬರೀ ಬಿಳುಪು. ಮನೆ, ಮರ, ಮನುಷ್ಯರು ಒಂದೂ ಇಲ್ಲ. ಬೇರೆಯವರಿಗೆ ರೆಪ್ಪೆ ಬಡಿಯುವಷ್ಟರಲ್ಲಿ ಸರಿಹೋಗುವುದು ನನಗೆ ನಿಂತು, ಉಸಿರು ಬಿಟ್ಟು, ಮನೆದೇವರನ್ನು ಒಂದು ಸಲ ನೆನೆಸಿಕೊಂಡ ಮೇಲೆ ಸರಿಹೋಗುತ್ತದೆ. ಸ್ಕೂಲಿನಲ್ಲಿ ಥ್ರೋಬಾಲ್ ಆಡುವಾಗ ಚೆಂಡು ಎಸೆಯುವವಳ ಕೈಯಲ್ಲಿ ಕಾಣಿಸುತ್ತಿತ್ತು, ಆಮೇಲೆ ನನ್ನ ಮೂಗಿಗೆ ಬಡಿಯುತ್ತಿತ್ತು. ನಡುವೆ ಅದು ಎಲ್ಲಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿನವರು ಇದಕ್ಕೆ ಗಣಿಗಣ್ಣು ಅನ್ನುತ್ತಾರೆ. ಆ ಹೆಸರು ಬಂದದ್ದು ನಮ್ಮಮ್ಮ ಗಂಗರತ್ನಮ್ಮನ ಅಪ್ಪ, ನನ್ನ ತಾತ ಕೋದಂಡಪ್ಪನಿಂದ. ತಾತ ಮೀಸೆ ಮೂಡುವ ವಯಸ್ಸಿಗೇ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಕೆಜಿಎಫ್‌ನ ಚಿನ್ನದ ಗಣಿಗೆ ಸೇರಿದವನು. ಉರಿಗಾಂನ ಲೈನ್ ಮನೆಯೊಂದರಲ್ಲಿ ಸೆಲ್ವರಾಜ್ ಅನ್ನುವ ಗೆಳೆಯನ ಜೊತೆ ಇದ್ದುಕೊಂಡು, ರಜೆ ಸಿಕ್ಕಾಗ ಸೈಕಲ್ ತುಳಿದು ಊರಿಗೆ ಬರುತ್ತಿದ್ದ. ಆಳುಗಳನ್ನು ಭೂಮಿಯೊಳಕ್ಕೆ ಇಳಿಸಿ ಹತ್ತಿಸುವ ಕೇಜು ಮೇಲೆ ಬಂದಾಗ ಮಿಕ್ಕವರೆಲ್ಲ ಬೀಡಿ ಹಚ್ಚಿಕೊಂಡು ಮನೆ ಕಡೆ ಹೊರಟರೆ, ತಾತ ಮಾತ್ರ ಗೋಡೆ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದನಂತೆ. ಕೆಳಗಿನ ಕತ್ತಲೆ ತನ್ನ ಕಣ್ಣಿಗೆ ಹತ್ತಿಕೊಂಡಿತು ಅಂತ ಅವನು ನಂಬಿದ್ದೇ ಅಲ್ಲಿ. ಆಮೇಲೆ ಅವನ ಕೊನೆಯ ಮಗ ಗಿರಿಗೂ ಅದೇ ಕಣ್ಣು ಬಂತು. ಆಮೇಲೆ ಮಗಳ ಮಗಳಾದ ನನಗೂ ಬಂತು. ಗಣಿ ಮುಚ್ಚಿ ಹೋದರೂ ಕತ್ತಲೆ ಮಾತ್ರ ನಮ್ಮ ಮನೆಯಲ್ಲಿ ಡ್ಯೂಟಿ ಮಾಡುತ್ತಲೇ ಇದೆ ಅನ್ನುವುದು ತಾತನ ಲೆಕ್ಕಾಚಾರ.

"ಸೆಲ್ವರಾಜ್ ತಾತನೂ ನಿನ್ನಷ್ಟೇ ಕಾಲ ಕೆಳಗೆ ಇಳಿದವ್ನೆ. ಅವನ ಕಣ್ಣು ಹದ್ದಿನ ಕಣ್ಣು. ಅವನಿಗ್ಯಾಕೆ ಬರ್ಲಿಲ್ಲ?" ಅಂತ ಒಮ್ಮೆ ಕೇಳಿದ್ದೆ.

"ಕತ್ಲೆ ಎಲ್ಲಾರ್ನೂ ಇಡ್ಕಳಲ್ಲ ಕಣಮ್ಮ. ಅದಕ್ಕೆ ಬೇಕಾದೋರ್ನ ಇಡ್ಕಂತದೆ" ಅಂದ.

ನನ್ನಜ್ಜಿ ಮುನಿಗಂಗಮ್ಮನೋ, ಗಂಡನನ್ನು ಚುಚ್ಚಬೇಕಾದಾಗಲೆಲ್ಲ ಇದನ್ನೇ ಎತ್ತುತ್ತಿದ್ದಳು. "ನಮ್ ಕಡೇಲಿ ಇಂಥದ್ದು ಇರ್ಲೇ ಇಲ್ಲ. ಚಿನ್ನ ತತ್ತೀನಿ ಅಂತ ಗಣಿಗೆ ಓದೋನು ಇದನ್ನ ತಂದ" ಅಂತ ಸೊಪ್ಪು ಬಿಡಿಸುತ್ತಾ ಶುರು ಮಾಡಿದರೆ ಸಾರು ಕುದಿಯುವವರೆಗೂ ನಿಲ್ಲಿಸುತ್ತಿರಲಿಲ್ಲ. ತಾತ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ನಾನು ಸ್ಕೂಲಿಗೆ ಸೇರಿದ ಹೊಸದರಲ್ಲಿ ಕ್ಲಾಸಿನಿಂದ ಹೊರಗೆ ಓಡಿ ಬಂದು ಕಂಬಕ್ಕೆ ಹಣೆ ಒಡೆದುಕೊಂಡ ದಿನ, ತಾತ ಮನೆದೇವರ ಮುಂದೆ ಒಂದು ಮಾತು ಕೊಟ್ಟನಂತೆ. ತಾನು ತಂದ ಕತ್ತಲೆಯನ್ನು ಇನ್ನೊಬ್ಬರ ಮನೆಗೆ ಕಳಿಸುವುದಿಲ್ಲ, ಗಣಿಗಣ್ಣಿನ ಹೆಣ್ಣು ಗಣಿಗಣ್ಣಿನ ಮನೆಯಲ್ಲೇ ಇರಲಿ ಅಂತ. ಅದರ ಅರ್ಥ, ಈ ಸುಮಲತ ದೊಡ್ಡವಳಾದ ಮೇಲೆ ಸೋದರಮಾವ ಗಿರಿಯನ್ನೇ ಮದುವೆಯಾಗಬೇಕು. ನಮ್ಮ ಕಡೆ ಇದೇನೂ ಹೊಸದಲ್ಲ. ನಮ್ಮಪ್ಪ ರಾಮಚಂದ್ರಪ್ಪ ತಾತನ ಅಕ್ಕನ ಮಗ, ಮದುವೆಯಾಗಿ ಇದೇ ಮನೆಯಲ್ಲಿ ಉಳಿದವನು. ತಾತ, ಅಜ್ಜಿ ಕೂಡ ಸೋದರತ್ತೆ, ಸೋದರಮಾವನ ಮಕ್ಕಳು. ನಮ್ಮ ಮನೆಯವರು ಹೆಣ್ಣು ಹುಡುಕಿಕೊಂಡು ನಾಕು ಮನೆಯಾಚೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಗಿರಿ ಮಾಮ ಕೆಟ್ಟವನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ನನ್ನ ಬಾಯಿಗೆ ಒಂದು ವಾರವೂ ತಡೆಯುತ್ತಿರಲಿಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವನು, ದನ ತೋಟ ಎಲ್ಲ ಅವನದೇ ಉಸ್ತುವಾರಿ, ಕುಡಿಯುವುದಿಲ್ಲ, ಎತ್ತರದ ದನಿಯಲ್ಲಿ ಮಾತಾಡುವುದಿಲ್ಲ. ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ಅವನೇ. ಹೇನು ತೆಗೆದವನನ್ನು, ಮೂಗು ಒರೆಸಿದವನನ್ನು ಗಂಡ ಅಂತ ನೋಡಲು ನನ್ನಿಂದ ಆಗುವುದಿಲ್ಲ. ಬೇರೆ ಯಾರ ಮೇಲೂ ನನಗೆ ಮನಸ್ಸಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇವನು ಬೇಡ ಅಷ್ಟೆ.

ಅಮ್ಮನಿಗೆ ಹೇಳಿದೆ. "ನಂಗ್ಯಾಕೆ ಏಳ್ತೀಯ? ನಿಮ್ ತಾತನ್ ಮುಂದೆ ಏಳು" ಅಂದಳು.

ಅಲ್ಲೇ ನನಗೆ ಬಾಯಿ ಕಟ್ಟುತ್ತಿದ್ದುದು. ಡೈರಿಯಲ್ಲಿ ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುವವಳಿಗೆ ಒಬ್ಬ ಮುದುಕನ ಮುಂದೆ ಮಾತು ಬರುತ್ತಿರಲಿಲ್ಲ. ಅವನು ಗದರಿಸಿದ್ದರೆ ನಾನೂ ಗದರಿಸುತ್ತಿದ್ದೆ. ಅವನು ತನ್ನ ತಪ್ಪಿಗೆ ತಾನೇ ಶಿಕ್ಷೆ ಹಾಕಿಕೊಂಡು ಕೂತಿದ್ದ. ಆ ಶಿಕ್ಷೆಯಲ್ಲಿ ನಾನೂ ಒಂದು ಭಾಗವಾಗಿದ್ದೆ. ಬರುವ ಮಾಘಕ್ಕೆ ಮದುವೆ ಅಂತ ಮಾತಾಯಿತು. ಕಾಮಸಮುದ್ರದ ಕಡೆಯ ಅಡಿಗೆಯವರಿಗೆ ವೀಳ್ಯವನ್ನೂ ಕೊಟ್ಟಾಯಿತು.

ಹೀಗಿರುವಾಗ ಬಂಗಾರಪೇಟೆಯಲ್ಲಿ ಕಣ್ಣಿನ ಕ್ಯಾಂಪ್ ಬಂತು. ಅಮ್ಮನ ಪೊರೆ ತೋರಿಸಲು ನಾನು ಜೊತೆಗೆ ಹೋಗಿದ್ದೆ. ಕತ್ತಲೆ ಕೋಣೆಯಲ್ಲಿ ಅಮ್ಮನ ಕಣ್ಣು ನೋಡಿ ಮುಗಿಸಿದ ಮೇಲೆ ನಾನು ಅವಳ ಕೈ ಹಿಡಿದು ಧೈರ್ಯವಾಗಿ ಹೊರಗೆ ನಡೆದವಳು ನೇರವಾಗಿ ಡಾಕ್ಟರಮ್ಮನ ಟೀ ಫ್ಲಾಸ್ಕಿಗೇ ಒದ್ದೆ. ಟೀ ಚೆಲ್ಲಿದ್ದಕ್ಕೆ ಅವರಿಗೆ ಕೋಪ ಬರಲಿಲ್ಲ. ನನ್ನನ್ನು ಮತ್ತೆ ಕತ್ತಲೆಗೆ ಕರೆದುಕೊಂಡು ಹೋಗಿ ಬೆಳಕಿಗೆ ತಂದರು, ಮತ್ತೆ ಕತ್ತಲೆ, ಮತ್ತೆ ಬೆಳಕು. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಅಂದರು. "ಮದುವೆಯಾಗೋ ಗಂಡಿಗೂ ಇದೆ ಮೇಡಂ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಹಾಗಾಗಿ ನಾನು, ಗಿರಿ ಮಾಮ ಬೆಳಗಿನ ರೈಲಿಗೆ ಬೆಂಗಳೂರಿನ ಅವರ ಆಸ್ಪತ್ರೆಗೆ ಹೋದೆವು. ಕೆಲಸಕ್ಕೆ ಹೋಗುವವರ ನೂಕುನುಗ್ಗಲಲ್ಲಿ ಅವನು ನನಗೆ ಸೀಟು ಹಿಡಿದುಕೊಟ್ಟು ತಾನು ಬಾಗಿಲಲ್ಲಿ ನಿಂತ. ಅಲ್ಲಿ ಕಣ್ಣಿಗೆ ತಂತಿ ಅಂಟಿಸಿ, ಕತ್ತಲೆಯಲ್ಲಿ ಮಿಂಚು ಹೊಡೆಸಿ ನೋಡಿದರು. ಮೊದಲನೇ ಮಿಂಚಿಗೆ ನಮ್ಮ ಕಣ್ಣು ಎಲ್ಲರಂತೆ ಉತ್ತರ ಕೊಟ್ಟಿತಂತೆ, ಅದರ ಹಿಂದೆಯೇ ಬಂದ ಎರಡನೆಯದಕ್ಕೆ ಏನೂ ಇಲ್ಲವಂತೆ. ಆಮೇಲೆ ರಕ್ತ ತೆಗೆದುಕೊಂಡು ಕಳಿಸಿದರು. ಕೆಲವು ವಾರ ಬಿಟ್ಟು ಮತ್ತೆ ಕರೆದರು.

"ಬೆಳಕು ಬಿದ್ದಾಗ ಕಣ್ಣಿನ ಜೀವಕೋಶದೊಳಗೆ ಜಿ-ಪ್ರೋಟೀನ್ ಅನ್ನೋದು ಎಚ್ಚೆತ್ತುಕೊಳ್ಳುತ್ತೆ" ಅಂತ ಡಾಕ್ಟರಮ್ಮ ಶುರು ಮಾಡಿದರು. "ಅದು ಎದ್ದು, ಬೆಳಕು ಬಂತು ಅಂತ ಸುದ್ದಿ ಕಳಿಸುತ್ತೆ. ಸುದ್ದಿ ಹೋದ ಮೇಲೆ ಅದನ್ನ ಸುಮ್ಮನಾಗಿಸಬೇಕಲ್ಲ? ಆ ಕೆಲಸ ಇನ್ನೊಂದು ಪ್ರೋಟೀನಿಂದು. ಅದನ್ನ ಮಾಡಿಸೋ ಜೀನ್ ಹೆಸರು ಆರ್‌ಜಿಎಸ್ ನೈನ್. ನಿಮ್ಮಿಬ್ಬರಲ್ಲೂ ಅದೇ ಕೆಟ್ಟಿರೋದು. ಹಳೇ ಬೆಳಕಿನ ಸುದ್ದಿ ನಿಲ್ಲೋವರೆಗೂ ನಿಮ್ಮ ಕಣ್ಣು ಹೊಸದನ್ನ ತಗೊಳ್ಳಲ್ಲ."

"ಬೋರ್‌ವೆಲ್ ಸ್ಟಾರ್ಟರ್ ಇದ್ದಂಗೆ" ಅಂದೆ. "ಹಸಿರು ಗುಂಡಿ ಸರಿಯಾಗಿದೆ. ಕೆಂಪು ಗುಂಡಿ ಕೆಟ್ಟಿದೆ. ಮೋಟಾರ್ ತಾನಾಗಿ ನಿಲ್ಲೋವರೆಗೂ ಕಾಯಬೇಕು."

ಅವರು ನಕ್ಕು ಹೌದು ಅಂದರು. ಗಿರಿ ಮಾಮ ಮೆಲ್ಲಗೆ, "ಮುಂದೆ ಪೂರ್ತಿ ಕುರುಡಾಯ್ತೀವಾ ಮೇಡಂ?" ಅಂದ.

"ಇಲ್ಲ. ಈಗ ಹೇಗಿದೆಯೋ ಹಾಗೇ ಇರುತ್ತೆ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಗಾಡಿ ಓಡಿಸೋ ಕೆಲಸಕ್ಕೆ ಹೋಗಬೇಡಿ."

ಅವನು ಕುರ್ಚಿಗೆ ಒರಗಿ ಎರಡು ಕೈಯಲ್ಲೂ ಮುಖ ಉಜ್ಜಿಕೊಂಡ. ಇಷ್ಟು ವರ್ಷ ಆ ಭಯ ಇಟ್ಟುಕೊಂಡೇ ಹಾಲು ಕರೆಯುತ್ತಿದ್ದ ಅಂತ ನನಗೆ ಆಗಲೇ ಗೊತ್ತಾದದ್ದು.

ಗಣಿಯಿಂದ ಬಂದದ್ದಾ ಅಂತ ನಾನು ಕೇಳಿದೆ. ಗಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಅಂದರು. ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದೇ ಕೆಟ್ಟಿದ್ದರೆ ಇನ್ನೊಂದು ಸಂಭಾಳಿಸುತ್ತದೆ, ಕಣ್ಣು ಎಲ್ಲರಂತೆಯೇ ಇರುತ್ತದೆ. ಎರಡೂ ಕೆಟ್ಟಿದ್ದರೆ ಹೀಗೆ. ಸಂಬಂಧದೊಳಗೇ ಕೊಟ್ಟು ತಂದು ಮಾಡುವ ಮನೆಯಲ್ಲಿ ಎರಡು ಕೆಟ್ಟವು ಒಂದೆಡೆ ಸೇರುವುದು ಸುಲಭ. "ನೀವಿಬ್ಬರೂ ಮದುವೆಯಾದರೆ ಹುಟ್ಟೋ ಎಲ್ಲ ಮಕ್ಕಳಿಗೂ ಇದೇ ಕಣ್ಣು. ಆಗಬೇಡಿ ಅಂತ ನಾನು ಹೇಳಲ್ಲ, ಇದು ಪ್ರಾಣಕ್ಕೆ ತೊಂದರೆ ಮಾಡೋದಲ್ಲ. ಆದರೆ ಗೊತ್ತಿರಲಿ" ಅಂದರು.

ವಾಪಸ್ ರೈಲಿನಲ್ಲಿ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಗಣಿಗಣ್ಣು ಹೊರಗೆ ಹೋಗದಿರಲಿ ಅಂತ ತಾತ ಬೇಲಿ ಹಾಕಿದ್ದ, ಆ ಬೇಲಿಯೊಳಗೇ ಅದು ಚೆನ್ನಾಗಿ ಮರಿ ಹಾಕಿತ್ತು. ಈ ಮಾತನ್ನು ತಾತನಿಗೆ ಹೇಳಿದರೆ ಮದುವೆ ತಾನಾಗಿ ಮುರಿಯುತ್ತದೆ ಅಂತ ನನ್ನ ನಂಬಿಕೆ. ಗಿರಿ ಮಾಮ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಅವನಿಗೂ ಬಿಡುಗಡೆಯಾದಂತಾಗಿರಬೇಕು ಅಂದುಕೊಂಡೆ.

ತಾತ ಎಲ್ಲವನ್ನೂ ಗಮನವಿಟ್ಟು ಕೇಳಿದ. ಸ್ಟಾರ್ಟರ್ ಮಾತು ಅವನಿಗೆ ಬೇಕಾಗಲಿಲ್ಲ, ಅವನದೇ ಒಂದು ಸಿಕ್ಕಿತು. "ಅಂದ್ರೆ ಕೇಜು ಮೇಲಕ್ಕೆ ಬಂದ್ರೂ ನಿಲ್ಲಿಸೋ ಗಂಟೆ ಬಾರ್ಸೋನು ನಿದ್ದೆ ಮಾಡ್ತಾವ್ನೆ ಅನ್ನು" ಅಂದ. ನನಗೆ ಖುಷಿಯಾಯಿತು. ಅರ್ಥವಾಯಿತಲ್ಲ ಅಂದುಕೊಂಡೆ.

"ಆ ನಿದ್ದೆ ನನ್ ರಕ್ತದಲ್ಲಿತ್ತು ಅಂದ್ರಲ್ಲ. ರಕ್ತಕ್ಕೆ ಎಲ್ಲಿಂದ ಬಂತು? ನಾನೇ ತಾನೆ ಕೆಳಗಿಂದ ತಂದಿದ್ದು?" ಅಂದ. "ಮಗೀಗೆ ಕೊಟ್ಟಿದ್ದೂ ನಾನೇ. ಡಾಕ್ಟ್ರೂ ಅದನ್ನೇ ಏಳವ್ರೆ."

"ಅಲ್ಲ ತಾತ! ನಿನ್ನಿಂದ ಒಂದು, ಅಜ್ಜಿಯಿಂದ ಒಂದು. ಎರಡು ಸೇರಿದ್ರೇನೇ ಗಿರಿ ಮಾಮನಿಗೆ ಬರೋದು. ಅಜ್ಜಿ ಗಣಿಗೆ ಇಳಿದಿದ್ಲಾ?"

ಅಜ್ಜಿ ಮೊರ ಕೆಳಗಿಟ್ಟಳು. "ಏನಂದೆ? ನನ್ನಿಂದ್ಲಾ? ಯಾವೋಳು ಅವಳು ಅಂಗಂದೋಳು? ಕರ್ಕಂಬಾ ಅವಳ್ನ ಇಲ್ಲಿಗೆ. ನಮ್ ಮನೆತನದಾಗೆ ಯಾರಿಗಿತ್ತೇ ಇಂಥ ಕಣ್ಣು?"

"ಅದನ್ನೇ ಕೇಳ್ತಾ ಇರೋದು. ಯಾರಿಗಿತ್ತು?"

"ಯಾರಿಗೂ ಇಲ್ಲ. ಇದ್ದೋನು ನಮ್ಮಣ್ಣ ಒಬ್ಬ, ಅವನ ಕಣ್ಣು ಸರಿಯಾಗೇ ಐತೆ. ಕೆಟ್ಟಿರಾದು ಬುದ್ಧಿ."

ಅಜ್ಜಿಯ ಅಣ್ಣ ಮುನಿನಾರಾಯಣಪ್ಪ ಕಾಮಸಮುದ್ರದಲ್ಲಿದ್ದಾನೆ. ಅವನನ್ನು ನಾನು ಒಂದು ಸಾವಿನ ಮನೆಯಲ್ಲಿ ದೂರದಿಂದ ನೋಡಿದ್ದೆ ಅಷ್ಟೆ. ನಮ್ಮ ಮನೆಗೂ ಅವನಿಗೂ ಮಾತಿಲ್ಲ. ಯಾಕಿಲ್ಲ ಅಂತ ನಾನು ಯಾವತ್ತೂ ಕೆದಕಿರಲಿಲ್ಲ. ಆವತ್ತು ಕೆದಕಿದೆ. ಅಜ್ಜಿ ಹೇಳಿದಳು. ನಮ್ಮಮ್ಮನ ಮದುವೆಯಲ್ಲಿ ಹೆಣ್ಣಿನ ಸೋದರಮಾವ ಅವನೇ, ಹಸೆಗೆ ಕರೆತರಬೇಕಾದವನು ಅವನೇ. ಅವನು ಒಳಗಿಂದ ಪೇಟ ಕಟ್ಟಿಸಿಕೊಂಡು ಚಪ್ಪರಕ್ಕೆ ಬಂದ. ಬಾವ ಬಂದ ಅಂತ ಯಾರೋ ಕೂಗಿದ್ದಕ್ಕೆ ತಾತ ಅಡಿಗೆ ಕೊಟ್ಟಿಗೆಯಿಂದ ಓಡಿ ಬಂದು ಎದುರಿಗೆ ನಿಂತು ಕೈ ಮುಗಿದ. ಅವನು ಕಂಬ ನೋಡಿದಂತೆ ನೋಡಿ ಹೊರಟುಹೋದ. ತಾತನಿಗೆ ಅವಮಾನವಾಯಿತು. ಅತ್ತ ಅವನು, ತಾನು ಕೈ ಮುಗಿದರೂ ಕೋದಂಡ ಮುಖ ಎತ್ತಲಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ಅಲ್ಲಿಗೆ ಮುಗಿಯಿತು ಸಂಬಂಧ.

"ಬಿಸಿಲಿತ್ತಾ ಅಜ್ಜಿ?"

"ಮದ್ಯಾನ ಮುಹೂರ್ತ. ಬಿಸಿಲಿಲ್ದೆ ಇರ್ತದಾ?"

ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ಯಾಕೆ ನಗ್ತೀಯ ಅಂತ ಅಜ್ಜಿ ಬೈದಳು. ಮಾರನೆಯ ದಿನ ಬೆಳಗಿನ ಹಾಲು ಮುಗಿಸಿ ಕಾಮಸಮುದ್ರದ ಬಸ್ಸು ಹತ್ತಿದೆ.

ಮುನಿನಾರಾಯಣಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಕೇಳಿದರೆ, "ಆ ದುರಹಂಕಾರದ ಮುದುಕನಾ?" ಅಂತ ದಾರಿ ತೋರಿಸಿದರು. ನಮಸ್ಕಾರ ಅಂದರೆ ನಿಂತು ನೋಡುತ್ತಾನಂತೆ, ಪ್ರತಿ ನಮಸ್ಕಾರ ಮಾಡಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಾನಂತೆ. ನಾನು ಅಂಗಳಕ್ಕೆ ಹೋಗಿ, ಕೊಟ್ಟಿಗೆಯಿಂದ ಹೊರಗೆ ಬರುವ ಬಾಗಿಲಿಗೆ ಎದುರಾಗಿ, ಬಿಸಿಲಲ್ಲಿ ಸುಮ್ಮನೆ ನಿಂತೆ. ಅವನು ಸಗಣಿ ಮಂಕರಿ ಹಿಡಿದು ಹೊರಗೆ ಬಂದ. ಎತ್ತರದ ಆಳು, ನಮ್ಮಜ್ಜಿಯದೇ ಮೂಗು. ನೇರ ನನ್ನ ಮುಖವನ್ನೇ ನೋಡಿದ. ನಾನು ಕೈ ಮುಗಿದೆ. ನೋಡುತ್ತಲೇ ಇದ್ದ. ಹಲ್ಲು ಕಿರಿದೆ. ನಾಲಿಗೆ ಚಾಚಿದೆ. ಅದಕ್ಕೂ ಅವನ ಮುಖದಲ್ಲಿ ಏನೂ ಕದಲಲಿಲ್ಲ. ನಾಲಿಗೆ ಒಳಗೆ ಎಳೆದುಕೊಂಡ ಎಷ್ಟೋ ಹೊತ್ತಿನ ಮೇಲೆ ಅವನು ಬೆಚ್ಚಿಬಿದ್ದು, "ಯಾರಮ್ಮಾ ನೀನು? ಯಾವಾಗ ಬಂದೆ?" ಅಂದ.

"ಕೋದಂಡಪ್ಪನ ಮೊಮ್ಮಗಳು. ಆಗಲೇ ಬಂದೆ ತಾತ" ಅಂದೆ.

ಹೆಸರು ಕೇಳಿ ಅವನ ಮುಖ ಗಂಟಾಯಿತು. ಆದರೆ ನಾನು ಬಿಡುವವಳಲ್ಲ. ಜಗುಲಿಯ ಮೇಲೆ ಕೂರಿಸಿ ಕೇಳಿದೆ, ಹೊರಗೆ ಬಂದ ಕೂಡಲೇ ಏನು ಕಾಣುತ್ತದೆ ಅಂತ. "ಬೆಳ್ಳಗೆ ಕಾಣ್ತದೆ. ಆಮೇಕೆ ಸರಿಹೋಯ್ತದೆ. ಎಲ್ಲಾರ್ಗೂ ಅಂಗೇ ಅಲ್ವಾ?" ಅಂದ. ಎಂಬತ್ತು ದಾಟಿದ ಮನುಷ್ಯ. ಎಲ್ಲರ ಕಣ್ಣೂ ಹೀಗೇ ಇರುತ್ತದೆ, ಜನಕ್ಕೆ ಮಾತ್ರ ಕಾಯುವ ತಾಳ್ಮೆ ಇಲ್ಲ ಅಂತ ನಂಬಿಕೊಂಡೇ ಬದುಕಿದ್ದ. ಇಲ್ಲ ತಾತ, ಎಲ್ಲರಿಗೂ ಹಾಗಲ್ಲ, ನಿಮಗೆ, ನಮ್ಮ ತಾತನಿಗೆ, ಗಿರಿ ಮಾಮನಿಗೆ, ನನಗೆ ಮಾತ್ರ ಅಂದೆ. ಚಪ್ಪರದ ಕಥೆಯನ್ನೂ ಬಿಡಿಸಿ ಹೇಳಿದೆ.

"ಅಂಗಾದ್ರೆ ಕೋದಂಡ ಅವತ್ತು ಕೈ ಮುಗಿದಿದ್ನಾ?" ಅಂದ.

"ಮುಗಿದಿದ್ದ. ನೀವೂ ಮುಗಿದಿದ್ರಿ."

"ನಂಗೆ ಕಾಣ್ಲಿಲ್ಲ ಕಣಮ್ಮ" ಅಂದ. ತಾತ ಕರೆದಿದ್ದಾನಾ ಅಂತ ಕೇಳಿದ. ಕರೆದಿದ್ದಾನೆ ಅಂದೆ. ಅದು ಸುಳ್ಳು, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಅವನು ಬಿಳಿ ಪಂಚೆ ಉಟ್ಟು, ನನ್ನ ಜೊತೆ ಅದೇ ಮಧ್ಯಾಹ್ನದ ಬಸ್ಸಿಗೆ ಹೊರಟ.

ನಮ್ಮ ಮನೆಯಲ್ಲಿ ಆವತ್ತು ಆದದ್ದನ್ನು ಏನೆಂದು ಹೇಳಲಿ. ಅಜ್ಜಿ ಅಣ್ಣನನ್ನು ಕಂಡು ಅತ್ತಳು, ಬೈದಳು, ಮತ್ತೆ ಅತ್ತಳು, ಮುದ್ದೆಗೆ ಎಸರಿಟ್ಟಳು. ಅಪ್ಪ ಜಗಳಕ್ಕೆ ಹೆದರಿ ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡಲು ನೋಡಿದರೆ ಅಮ್ಮ ತೋಳು ಹಿಡಿದು ನಿಲ್ಲಿಸಿದಳು. ತಾತ ಕಂಬಕ್ಕೊರಗಿ ಕೂತಿದ್ದವನು ಏಳಲಿಲ್ಲ. ನಾನು ವಿಷಯ ಹೇಳಿದೆ. ಅವನು ನಂಬಲಿಲ್ಲ.

"ಬಾವ, ನೀನು ಗಣೀಗೆ ಯಾವಾಗ್ಲಾದ್ರೂ ಇಳಿದಿದ್ಯಾ?" ಅಂತ ಕೇಳಿದ.

"ಗಣಿಗೆಲ್ಲಲಾ ಇಳೀಲಿ? ನಾನು ಬಾವಿಗೇ ಇಳಿದೋನಲ್ಲ" ಅಂದ ಮುನಿನಾರಾಯಣಪ್ಪ.

"ಅಂಗಾದ್ರೆ ನಿಂಗೆ ಈ ಕಣ್ಣು ಬರಾಕಿಲ್ಲ. ಬಾ ಇಲ್ಲಿ, ನೋಡೇ ಬಿಡಾನ" ಅಂತ ತಾತ ಎದ್ದ. ಭಾವನ ರಟ್ಟೆ ಹಿಡಿದು ರಾಗಿ ಚೀಲ ಇಡುವ ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡ. ನಾವೆಲ್ಲ ಅಂಗಳದಲ್ಲಿ ಕಾದೆವು. ಒಳಗೆ ಇಬ್ಬರೂ ಕೆಮ್ಮುವುದು ಕೇಳಿಸಿತು. ಸುಮಾರು ಹೊತ್ತಿನ ಮೇಲೆ ಬಾಗಿಲು ತೆಗೆದು, ಕೈ ಕೈ ಹಿಡಿದುಕೊಂಡು ಇಬ್ಬರೂ ಬಿಸಿಲಿಗೆ ಬಂದರು. ತಾತ ಗಂಭೀರವಾಗಿ ಕೈ ಎತ್ತಿ, "ನೋಡಿ ಏಳು ಬಾವ, ಎಷ್ಟು ಬೆರಳು?" ಅಂದ.

"ಬೆರಳು ಎಲ್ಲೈತಲಾ?" ಅಂದ ಅವನು ಆಕಾಶದ ಕಡೆ ನೋಡುತ್ತಾ.

"ನನ್ ಕೈಯಾಗೇ..." ಅಂದ ತಾತ. ಅವನು ಕೈ ಹಿಡಿದಿದ್ದುದು ಎಮ್ಮೆಯ ಕಡೆಗೆ. ಎಷ್ಟು ಬೆರಳು ಎತ್ತಿದ್ದೇನೆ ಅಂತ ಅವನಿಗೂ ಕಾಣುತ್ತಿರಲಿಲ್ಲ. ಮೊದಲು ನಕ್ಕವನು ಗಿರಿ ಮಾಮ. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಅಜ್ಜಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಇನ್ನು ಮುಂದೆ "ನಮ್ ಕಡೇಲಿ ಇರ್ಲಿಲ್ಲ" ಅನ್ನುವ ಮಾತು ತನಗೆ ಕೈ ಬಿಟ್ಟುಹೋಯಿತು ಅಂತ ಪಾಪ ಅವಳಿಗೆ ಆಗ ಹೊಳೆದಿರಲಿಲ್ಲ.

ಬೆಳಕು ಹೊಂದಿಕೊಂಡ ಮೇಲೆ ಮುನಿನಾರಾಯಣಪ್ಪ ತಾತನ ಮುಖವನ್ನು ಚೆನ್ನಾಗಿ ನೋಡಿದ. "ಕೋದಂಡ, ಚಿಕ್ಕೋರಿದ್ದಾಗ ಚಿನ್ನಿದಾಂಡು ಆಡಾಕೆ ನಮ್ಮಿಬ್ರುನ್ನ ಯಾರೂ ಸೇರಿಸ್ಕಂತಿರ್ಲಿಲ್ಲ. ಚಿನ್ನಿ ಬಂದ್ರೆ ಇಡಿಯಾಕೆ ಬರ್ತಿರ್ಲಿಲ್ಲ ನಮಗೆ. ಗ್ಯಾಪ್ಕ ಐತಾ? ನಾವಿಬ್ರೂ ಕಟ್ಟೆ ಮೇಲೆ ಕೂತು ನೋಡ್ತಿದ್ವಿ."

ತಾತನ ನಗು ನಿಂತಿತು. ಗಣಿಗೆ ಸೇರುವ ಎಷ್ಟೋ ಮೊದಲಿನ ಮಾತು ಅದು. "ಔದು. ಕಟ್ಟೆ ಮೇಲೆ ಕೂತಿರ್ತಿದ್ವಿ" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಅಂಗಾದ್ರೆ ನಾನು ಯಾರ ಕಣ್ಣೂ ಕೆಡಿಸ್ಲಿಲ್ವೇನಮ್ಮ?"

"ಇಲ್ಲ ತಾತ. ಯಾರ್ದೂ ಕೆಡಿಸ್ಲಿಲ್ಲ."

ಅವನು ಅಂಗಳದ ನಡುವೆ ನಿಂತುಕೊಂಡೇ ಅತ್ತ. ತಾತ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಎದ್ದು ಹೋಗಿ ತನ್ನ ಸೆರಗಿನಲ್ಲೇ ಅವನ ಮುಖ ಒರೆಸಿದಳು. ಎಷ್ಟು ವರ್ಷ ಆ ಮನುಷ್ಯ ನಮ್ಮ ಮುಖ ನೋಡಿದಾಗಲೆಲ್ಲ ತನ್ನ ತಪ್ಪನ್ನೇ ನೋಡುತ್ತಿದ್ದನೋ!

ಊಟವಾದ ಮೇಲೆ ತಾತ ಎಲೆ ಅಡಿಕೆ ಹಾಕಿಕೊಂಡು ನನ್ನನ್ನು, ಗಿರಿ ಮಾಮನನ್ನು ಎದುರಿಗೆ ಕೂರಿಸಿಕೊಂಡ. ನಾನು ಸಜ್ಜಾಗಿದ್ದೆ. ಡಾಕ್ಟರಮ್ಮ ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಹುಟ್ಟುವ ಮಕ್ಕಳ ಮಾತು, ಎರಡು ಕೆಟ್ಟ ಜೀನಿನ ಮಾತು, ಬೇಲಿಯ ಮಾತು, ಒಂದೊಂದಾಗಿ ಎಸೆಯಲು ಕಾಯುತ್ತಿದ್ದೆ.

"ದೇವ್ರಿಗೆ ಮಾತು ಕೊಟ್ಟಿದ್ದು ನಾನು ತಪ್ಪು ಮಾಡಿದೀನಿ ಅಂತ. ತಪ್ಪೇ ಇಲ್ಲ ಅಂದ್ಮೇಲೆ ಮಾತೂ ಇಲ್ಲ" ಅಂದ ತಾತ. "ಈಗ ನೀನೇಳಮ್ಮ. ಗಿರಿ ಬೇಕಾ, ಬ್ಯಾಡ್ವಾ?"

ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕಟ್ಟಿಕೊಂಡು ಬಂದಿದ್ದ ವಾದವೆಲ್ಲ ಒಂದೂ ಬೇಕಾಗಲಿಲ್ಲ.

"ಬ್ಯಾಡ ತಾತ" ಅಂದೆ.

"ಸರಿ ಬಿಡು" ಅಂದ. ಅಷ್ಟೇ. ಆಮೇಲೆ ಮಗನ ಕಡೆ ತಿರುಗಿ, "ನಿಂಗೇನಲಾ? ನಿನ್ನೂ ಕೇಳ್ಲಿಲ್ಲ ನಾನು" ಅಂದ.

ಗಿರಿ ಮಾಮ ನೆಲ ನೋಡುತ್ತಿದ್ದ. ಸ್ವಲ್ಪ ನಕ್ಕ. "ನಂಗೆ ಬೇಕಾಗಿತ್ತಪ್ಪ" ಅಂದ. "ಇರ್ಲಿ ಬಿಡು."

ಊರಿನಲ್ಲಿ ಯಾರ ಹಾಲಿಗೆ ಎಷ್ಟು ನೀರು ಅಂತ ಮೂಸಿ ಹೇಳುವ ನಾನು, ಒಂದೇ ಅಂಗಳದಲ್ಲಿದ್ದು ಇದನ್ನು ಕಂಡಿರಲಿಲ್ಲ. ರೈಲಿನ ಕಿಟಕಿಯಾಚೆ ಅವನು ನೋಡುತ್ತಾ ಕೂತಿದ್ದನ್ನು ಬಿಡುಗಡೆ ಅಂದುಕೊಂಡಿದ್ದೆ. ಅವನ ಕೈ ಹಿಡಿದುಕೊಂಡೆ, ಅವನು ಬಿಡಿಸಿಕೊಳ್ಳಲಿಲ್ಲ. ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತೆ. ಆದರೂ ಆಡಿದ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಲಿಲ್ಲ. ತೆಗೆದುಕೋ ಅಂತ ಅವನೂ ಕೇಳಲಿಲ್ಲ.